ರಥಬೀದಿ ಗಾಡಿಗಳಲ್ಲಿ ‘ಮಸಾಜರ್’, ಸಾಂಡಾ ಎಣ್ಣೆ, ಹಾಥಾ ಜೋಡಿ: ಯಾವುದಕ್ಕೆ ಯಾವ ಕಾನೂನು, ಯಾರಿಗೆ ದೂರು? (ವೇದಿಕೆಯೊಂದರ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಹೆಸರು)

ಪೂರ್ವಬೀದಿ

ನಮಸ್ಕಾರ. ದೇವಸ್ಥಾನದ ಸುತ್ತ ನಾಲ್ಕು ರಥಬೀದಿ ಇರುವ, ನಗರಸಭೆ ವ್ಯಾಪ್ತಿಯ ಊರೊಂದರ ವರ್ತಕರ ಸಂಘದ ಪರವಾಗಿ ಕೇಳುತ್ತಿದ್ದೇನೆ. ಹೂವು, ಹಣ್ಣುಕಾಯಿ, ಕುಂಕುಮ, ಕರಿದಾರ, ಬಳೆ, ಮಕ್ಕಳ ಆಟಿಕೆ ಮಾರುವ ಗಾಡಿಗಳು ಇಲ್ಲಿ ಹಿಂದಿನಿಂದಲೂ ಇವೆ. ಅವುಗಳ ಬಗ್ಗೆ ಯಾರ ತಕರಾರೂ ಇಲ್ಲ. ತಕರಾರು ಇರುವುದು ಸಂಜೆ ಹೊತ್ತು ಹೊಸದಾಗಿ ಬಂದು ನಿಲ್ಲುವವರ ಬಗ್ಗೆ.

ಮೊಬೈಲ್ ಕವರ್, ಯುಎಸ್‌ಬಿ ದೀಪದ ಗಾಡಿ ಒಂದು ಬಗೆ. ಮೇಲೆ ಕವರ್, ಕೆಳಗಿನ ಟ್ರೇಯಲ್ಲಿ ‘ಪರ್ಸನಲ್ ಮಸಾಜರ್’, ರಬ್ಬರ್ ರಿಂಗ್, ‘ಡಿಲೇ ಸ್ಪ್ರೇ’. ಡಬ್ಬದ ಮೇಲೆ ಹೆಚ್ಚುಕಡಿಮೆ ಬಟ್ಟೆಯಿಲ್ಲದ ಹೆಂಗಸರ ಚಿತ್ರ. ಪಕ್ಕದಲ್ಲೇ ನೆಲದ ಮೇಲೆ ಬಟ್ಟೆ ಹಾಸಿ ಬೇರು, ಪುಡಿ, ‘ಸಾಂಡಾ ಎಣ್ಣೆ’ ಸೀಸೆ ಜೋಡಿಸಿ ಮೈಕಿನಲ್ಲಿ ರೆಕಾರ್ಡ್ ಹಾಕುವವರು. ರುದ್ರಾಕ್ಷಿ, ತಾಯಿತದ ಗಾಡಿಯಲ್ಲಿ ಕುಂಕುಮದ ಭರಣಿಯೊಳಗೆ ‘ಹಾಥಾ ಜೋಡಿ’, ‘ನರಿ ಕೊಂಬು’ ಇಟ್ಟು ವಶೀಕರಣಕ್ಕೆ, ದಾಂಪತ್ಯ ಸುಖಕ್ಕೆ ಎಂದು ಮಾರುತ್ತಾರೆ. ಇವರೆಲ್ಲರ ನಡುವೆ ಬಿಡಿ ಮಾತ್ರೆ ಮತ್ತು ‘ಶಕ್ತಿ ಜೇನು’ ಸ್ಯಾಶೆ ಮಾರುವವರು ಕೈಚೀಲ ಹಿಡಿದು ಓಡಾಡಿಕೊಂಡೇ ಇರುತ್ತಾರೆ.

ಠಾಣೆಗೆ ಅರ್ಜಿ ಕೊಟ್ಟಾಗ ಎಲ್ಲರನ್ನೂ ಎಬ್ಬಿಸುತ್ತಾರೆ, ಹೂವಿನವರನ್ನೂ ಸೇರಿಸಿ. ಎರಡು ದಿನಕ್ಕೆ ಹೂವಿನವರು ಇನ್ನೂ ಹೆದರಿ ಮನೆಯಲ್ಲಿರುತ್ತಾರೆ, ಇವರು ವಾಪಸ್ ಬಂದಿರುತ್ತಾರೆ. ಬೀಟ್ ಪೊಲೀಸರ ಪ್ರಶ್ನೆ ಒಂದೇ: ‘ಯಾವ ಕಲಂ ಹಾಕಲಿ ಹೇಳಿ?’ ದೇವಸ್ಥಾನದ 100 ಮೀಟರ್ ಒಳಗೆ ಇಂಥದ್ದು ಮಾರಬಾರದು ಅಂತ ನಿಯಮ ಇದೆ ಎಂದು ಸಂಘದಲ್ಲಿ ಕೆಲವರು ಹೇಳುತ್ತಾರೆ, ನಿಜವೇ? ಪಟ್ಟಣ ವ್ಯಾಪಾರ ಸಮಿತಿಯ ಸಭೆ ಹತ್ತಿರದಲ್ಲಿದೆ. ಇಡೀ ಬೀದಿಯನ್ನು ‘ವ್ಯಾಪಾರ ನಿಷೇಧಿತ ವಲಯ’ ಮಾಡಿಸಿಬಿಡಿ ಎಂಬ ಒತ್ತಡವೂ ಇದೆ. ಏನು ಕೇಳಬೇಕು, ಹೇಗೆ ಬರೆಯಬೇಕು?

ಮಹಜರು

100 ಮೀಟರ್ ವಿಷಯವನ್ನು ಮೊದಲು ಮುಗಿಸೋಣ. ಅದು ಅಬಕಾರಿ ನಿಯಮ. ದೇವಸ್ಥಾನ, ಶಾಲೆಗಳಿಂದ ಮದ್ಯದಂಗಡಿ ಎಷ್ಟು ದೂರ ಇರಬೇಕು ಅಂತ ಲೈಸೆನ್ಸು ಕೊಡುವಾಗ ನೋಡುವ ಅಳತೆ. ತಂಬಾಕಿನ 2003ರ ಕಾಯ್ದೆಯಲ್ಲಿ 100 ಗಜ ಅಂತಿದೆ, ಅದು ಶಿಕ್ಷಣ ಸಂಸ್ಥೆಗಳ ಸುತ್ತ. ನೀವು ಹೇಳಿದ ಸಾಮಾನುಗಳಿಗೆ ಇಂಥ ಯಾವ ಅಳತೆಯೂ ಇಲ್ಲ. ಅರ್ಜಿಯಲ್ಲಿ ಅದನ್ನು ಬರೆದರೆ ಓದುವ ಅಧಿಕಾರಿ ಉಳಿದದ್ದನ್ನೂ ಹಗುರವಾಗಿ ತೆಗೆದುಕೊಳ್ಳುತ್ತಾರೆ.

ಎರಡನೆಯದು, ನಿಮ್ಮ ಅರ್ಜಿಯಲ್ಲಿ ನಾಲ್ಕೂ ಬಗೆಯನ್ನು ಸೇರಿಸಿ ‘ಅಶ್ಲೀಲ ವಸ್ತುಗಳ ಮಾರಾಟ’ ಅಂತ ಬರೆದಿದ್ದೀರೆಂದು ಊಹಿಸುತ್ತೇನೆ. ಸೋಲುವುದು ಅಲ್ಲೇ. ನಾಲ್ಕಕ್ಕೂ ಬೇರೆ ಬೇರೆ ಕಾಯ್ದೆ, ಬೇರೆ ಬೇರೆ ಇಲಾಖೆ. ಅವುಗಳಲ್ಲಿ ಅತ್ಯಂತ ದುರ್ಬಲ ಕೇಸು ಯಾವುದು ಗೊತ್ತೇ? ಎಲ್ಲರ ಕಣ್ಣು ಕುಕ್ಕುವ ಆ ಮಸಾಜರ್ ಟ್ರೇ.

ಲೈಂಗಿಕ ಸಾಧನ ಎಂದು ಹೆಸರು ಹಿಡಿದು ನಿಷೇಧಿಸುವ ಕಾಯ್ದೆ ನಮ್ಮ ದೇಶದಲ್ಲಿಲ್ಲ. ಇರುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 294, ಹಳೆಯ ಐಪಿಸಿ 292ರ ಜಾಗಕ್ಕೆ 2024ರ ಜುಲೈ 1ರಿಂದ ಬಂದದ್ದು. ಪುಸ್ತಕ, ಚಿತ್ರ, ಆಕೃತಿ ‘ಅಥವಾ ಬೇರಾವುದೇ ವಸ್ತು’ ಕಾಮಪ್ರಚೋದಕವಾಗಿದ್ದು ಅಶ್ಲೀಲ ಎನಿಸಿದರೆ ಅದರ ಮಾರಾಟ, ಪ್ರದರ್ಶನ ಅಪರಾಧ. ಮೊದಲ ಬಾರಿಗೆ 2 ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ. ಮತ್ತೆ ಮಾಡಿದರೆ 5 ವರ್ಷ, 10,000 ರೂಪಾಯಿವರೆಗೆ. ಮಕ್ಕಳಿಗೆ ಮಾರಿದರೆ ಕಲಂ 295, ಜೈಲಿನ ಅವಧಿ ಹೆಚ್ಚು.

‘ಅಶ್ಲೀಲ’ವನ್ನು ಅಳೆಯುವ ಕೋಲು ಬದಲಾಗಿದೆ. 1965ರ ರಂಜಿತ್ ಉದೇಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳೆಯ ಇಂಗ್ಲಿಷ್ ಹಿಕ್ಲಿನ್ ಪರೀಕ್ಷೆಯನ್ನು (ಸುಲಭವಾಗಿ ಕೆಡಬಲ್ಲವರ ಮನಸ್ಸನ್ನು ಇದು ಕೆಡಿಸುತ್ತದೆಯೇ ಎಂದು ನೋಡುವುದು) ಬಳಸಿತ್ತು. 2014ರ ಅವೀಕ್ ಸರ್ಕಾರ್ ತೀರ್ಪಿನಲ್ಲಿ ಅದನ್ನು ಬಿಟ್ಟು, ಸಮಕಾಲೀನ ಸಮಾಜದ ಮಟ್ಟವನ್ನು ನೋಡಬೇಕು, ಬರಿ ಬೆತ್ತಲೆ ಚಿತ್ರವೆಂದರೆ ಸಾಲದು ಎಂದಿತು. ವಸ್ತುಗಳ ವಿಚಾರದಲ್ಲಿ ಕಸ್ಟಮ್ಸ್‌ನವರು 1964ರ ಅಧಿಸೂಚನೆ ಹಿಡಿದು ಇಂಥ ಸರಕನ್ನು ಬಂದರಿನಲ್ಲಿ ತಡೆಯುತ್ತಿದ್ದರು. 2011ರಲ್ಲಿ ಕಲ್ಕತ್ತಾ ಹೈಕೋರ್ಟ್, ವಯಸ್ಕರ ಆಟದ ಸಾಮಗ್ರಿಯ ಪ್ರಕರಣದಲ್ಲಿ, ಕಾಮಕ್ಕೆ ಸಂಬಂಧಿಸಿದ್ದೆಲ್ಲ ಅಶ್ಲೀಲವಲ್ಲ ಎಂದಿತು. 2024ರಲ್ಲಿ ಬಾಂಬೆ ಹೈಕೋರ್ಟ್ ಬಾಡಿ ಮಸಾಜರ್‌ಗಳ ಮುಟ್ಟುಗೋಲನ್ನು ಒಪ್ಪಲಿಲ್ಲ. ಇವುಗಳನ್ನು ಓದಿಕೊಂಡ ವಕೀಲರು ಮಾರುವವನ ಕಡೆ ನಿಂತರೆ ನಿಮ್ಮ ಕೇಸು ಉಳಿಯುವುದು ಕಷ್ಟ.

ಇನ್ನೊಂದು ವಿಷಯ ನಿಮ್ಮ ಬೀದಿಗೇ ಸೇರಿದ್ದು. ಅದೇ ಕಲಂ 294ರಲ್ಲಿ ವಿನಾಯಿತಿ ಇದೆ: ಪ್ರಾಚೀನ ಸ್ಮಾರಕದ ಮೇಲಿನ ಶಿಲ್ಪ, ದೇವಸ್ಥಾನದ ಶಿಲ್ಪ, ದೇವರನ್ನು ಕೂರಿಸಿ ಎಳೆಯುವ ರಥದ ಮೇಲಿನ ಕೆತ್ತನೆ ಅಶ್ಲೀಲವಾಗುವುದಿಲ್ಲ. ತೇರಿನ ಅಡ್ಡೆಯ ಮಿಥುನ ಪಟ್ಟಿಕೆಗಳನ್ನು ನೋಡಿದವರಿಗೆ ಈ ವಿನಾಯಿತಿ ಯಾಕೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. ‘ಪವಿತ್ರ ಬೀದಿಯಲ್ಲಿ ಇಂಥದ್ದೇ?’ ಅಂತ ವಾದ ಕಟ್ಟುವ ಮೊದಲು ಎದುರಿನವರು ತೇರಿನತ್ತ ಬೆರಳು ತೋರಿಸಬಹುದು ಅನ್ನುವುದು ನೆನಪಿರಲಿ.

ಹಾಗಾಗಿ ಮಸಾಜರ್ ಗಾಡಿಯ ಮೇಲೆ ಸಾಧನವನ್ನು ಬಿಟ್ಟು ಎರಡು ಕಡೆಯಿಂದ ಬನ್ನಿ. ಡಬ್ಬದ ಚಿತ್ರದ ಬಹಿರಂಗ ಪ್ರದರ್ಶನ, ಅದೂ ಮಕ್ಕಳ ಆಟಿಕೆ ಗಾಡಿಯ ಪಕ್ಕದಲ್ಲಿ, ಇದು ಒಂದು. ಇನ್ನೊಂದು ಕಾನೂನು ಮಾಪನಶಾಸ್ತ್ರ, ಅಂದರೆ ತೂಕ ಮತ್ತು ಅಳತೆಯ ಇಲಾಖೆ. 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಡಬ್ಬದ ಮೇಲೆ ತಯಾರಕ ಅಥವಾ ಆಮದುದಾರನ ಹೆಸರು, ವಿಳಾಸ, ಯಾವ ದೇಶದ ಸರಕು, ಎಷ್ಟು ನಗ, ತಿಂಗಳು ಮತ್ತು ವರ್ಷ, ಗರಿಷ್ಠ ಬೆಲೆ, ಗ್ರಾಹಕರ ದೂರಿನ ಸಂಪರ್ಕ ಇರಬೇಕು. ಗಾಡಿಯ ಮೇಲಿನ ಈ ಸರಕಿನಲ್ಲಿ ಇವೆಲ್ಲ ಇರುವ ಡಬ್ಬ ಸಿಗುವುದು ಅಪರೂಪ. ಆ ಇಲಾಖೆಯ ಇನ್‌ಸ್ಪೆಕ್ಟರ್ ಅಶ್ಲೀಲವೋ ಅಲ್ಲವೋ ಎಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಡಬ್ಬ ತಿರುಗಿಸಿ ನೋಡಿದರೆ ಸಾಕು.

ಉಡದಪಟ್ಟು

ತಾಯಿತದ ಗಾಡಿಯನ್ನು ಎಲ್ಲರೂ ಕೊನೆಗೆ ಇಡುತ್ತಾರೆ, ‘ಪಾಪ, ಏನೋ ಬೇರು ಮಾರುತ್ತಾನೆ’ ಅಂತ. ನಿಮ್ಮ ಬೀದಿಯ ನಾಲ್ಕು ಬಗೆಯಲ್ಲಿ ಕನಿಷ್ಠ 3 ವರ್ಷ ಜೈಲಿನ ವನ್ಯಜೀವಿ ಅಪರಾಧ ಇರುವುದು ಮುಖ್ಯವಾಗಿ ಅಲ್ಲೇ.

ಹಾಥಾ ಜೋಡಿ ಬೇರಲ್ಲ. ಗಂಡು ಉಡದ ಜನನಾಂಗವನ್ನು ಒಣಗಿಸಿ, ಕುಂಕುಮ ಮೆತ್ತಿ, ಲವಂಗ ಏಲಕ್ಕಿ ಜತೆ ಡಬ್ಬಿಯಲ್ಲಿ ಹಾಕಿ ಕೊಡುವ ವಸ್ತು. ಎರಡು ಮುಂಗೈ ಮುಷ್ಟಿ ಕಟ್ಟಿ ಕೈಮುಗಿದಂತೆ ಕಾಣುವುದರಿಂದ ಆ ಹೆಸರು. ಮಾರುವವರು ಹೇಳುವ ಕತೆ, ಇದು ವಿಂಧ್ಯದ ಅಥವಾ ಹಿಮಾಲಯದ ಕಾಡಿನಲ್ಲಿ ಅಪರೂಪಕ್ಕೆ ಸಿಗುವ ಬೇರು ಅಂತ. ಆ ಬೇರಿನದ್ದೆಂದು ತೋರಿಸುವ ಗಿಡ ಮಾರ್ಟಿನಿಯಾ ಆನ್ಯುವಾ. ಅದು ಮೆಕ್ಸಿಕೋ ಕಡೆಯಿಂದ ಬಂದು ನಮ್ಮಲ್ಲಿ ರಸ್ತೆಬದಿ, ಪಾಳು ಜಾಗದಲ್ಲಿ ಬೆಳೆಯುವ ಕಳೆ. ಅದರ ಒಣಕಾಯಿಗೆ ಎರಡು ಕೊಕ್ಕಿನಂಥ ಉಗುರು ಇರುತ್ತವೆ ಅನ್ನುವುದು ನಿಜ. ಬೇರಿಗೂ ಕೈಗೂ ಸಂಬಂಧವೇ ಇಲ್ಲ. 2017ರಲ್ಲಿ ಆಕ್ಸ್‌ಫರ್ಡ್‌ನ ವನ್ಯಜೀವಿ ಸಂಶೋಧಕರು ಭಾರತದ ಸಂರಕ್ಷಣಾ ಸಂಸ್ಥೆಗಳ ಜತೆ ಸೇರಿ ಇದನ್ನು ಬಯಲಿಗೆ ತಂದರು. ಆನ್‌ಲೈನ್‌ನಲ್ಲೂ ಧಾರಾಳವಾಗಿ ಮಾರಾಟವಾಗುತ್ತಿತ್ತು. ಪರೀಕ್ಷೆಗೆ ಹೋದದ್ದರಲ್ಲಿ ಅಸಲಿ ಉಡದ ಅಂಗವೂ ಇತ್ತು, ಅದರ ಅಚ್ಚು ತೆಗೆದ ಪ್ಲಾಸ್ಟಿಕ್ಕೂ ಇತ್ತು.

ಉಡ, ಅಂದರೆ ವರಾನಸ್ ಬೆಂಗಾಲೆನ್ಸಿಸ್, ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಒಂದನೇ ಅನುಸೂಚಿಯಲ್ಲಿದೆ. ಅಂತಾರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದ ಒಂದನೇ ಪಟ್ಟಿಯಲ್ಲೂ ಇದೆ. 2022ರ ತಿದ್ದುಪಡಿಯ ನಂತರ ಒಂದನೇ ಅನುಸೂಚಿ ಪ್ರಾಣಿಯ ಅಪರಾಧಕ್ಕೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಮಾರಿದವನಿಗೆ ಮಾತ್ರವಲ್ಲ, ಕೊಂಡು ಮನೆಯ ತಿಜೋರಿಯಲ್ಲಿ ಇಟ್ಟವರಿಗೂ ಅನ್ವಯ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ಹುಲಿ ಉಗುರಿನ ಗದ್ದಲ ಎದ್ದಾಗ ‘ತಾತನ ಕಾಲದ್ದು’, ‘ಯಾರೋ ಕೊಟ್ಟದ್ದು’ ಅನ್ನುವ ಉತ್ತರ ಎಷ್ಟರ ಮಟ್ಟಿಗೆ ನಡೆಯಿತೆಂದು ಎಲ್ಲರೂ ನೋಡಿದ್ದಾರೆ. ಉಡದ ಚರ್ಮ ಖಂಜಿರಕ್ಕೆ ಹೊದಿಸುತ್ತಿದ್ದ ಕಾಲವೂ ಇತ್ತು. ಈಗ ಸಂಗೀತದವರೇ ಮೇಕೆ ಚರ್ಮಕ್ಕೆ, ಸಿಂಥೆಟಿಕ್‌ಗೆ ಹೋಗಿದ್ದಾರೆ. ತಾಯಿತದವರಿಗೆ ಮಾತ್ರ ಇನ್ನೂ ರಿಯಾಯಿತಿ ಯಾಕೆ?

ಗುರುತಿಸುವುದು ಹೇಗೆ ಅಂದರೆ, ಪ್ಲಾಸ್ಟಿಕ್ ಆದರೆ ಅಂಚಿನಲ್ಲಿ ಅಚ್ಚಿನ ಗೆರೆ ಕಾಣುತ್ತದೆ, ಹತ್ತು ತುಂಡೂ ಒಂದೇ ಆಕಾರದಲ್ಲಿರುತ್ತವೆ. ಅಸಲಿಯಲ್ಲಿ ಎರಡು ತುಂಡು ಒಂದೇ ಥರ ಇರುವುದಿಲ್ಲ. ಸುಕ್ಕುಗಟ್ಟಿದ ತೊಗಲಿನಂತಿರುತ್ತದೆ, ಮರದ ನಾರು ಕಾಣುವುದಿಲ್ಲ. ಬಿಸಿ ಸೂಜಿ ಚುಚ್ಚಿ ವಾಸನೆ ನೋಡಿ ಅಂತ ಯೂಟ್ಯೂಬಿನಲ್ಲಿ ಹೇಳಿಕೊಡುತ್ತಾರೆ. ಮಾಡಬೇಡಿ, ಸಾಕ್ಷ್ಯ ಹಾಳಾಗುತ್ತದೆ. ಖಚಿತವಾಗಬೇಕಾದರೆ ಡಿಎನ್‌ಎ ಪರೀಕ್ಷೆಯೇ ಗತಿ. ಡೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ, ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಲಾಕೋನ್ಸ್ ಪ್ರಯೋಗಾಲಯದಲ್ಲಿ ಆಗುತ್ತದೆ. ಕಳಿಸುವುದು ಅರಣ್ಯ ಇಲಾಖೆಯ ಕೆಲಸ. ಪ್ಲಾಸ್ಟಿಕ್ ಅಂತ ವರದಿ ಬಂದರೆ ವನ್ಯಜೀವಿ ಕೇಸು ಬಿದ್ದುಹೋಗುತ್ತದೆ. ಆಗ ಉಳಿಯುವುದು ವಂಚನೆ, ನ್ಯಾಯ ಸಂಹಿತೆಯ ಕಲಂ 318.

ನರಿ ಕೊಂಬು ಅನ್ನುವುದೇ ನಕಲಿ. ನರಿಗೆ ಕೊಂಬಿಲ್ಲ. ಯಾವುದೋ ಪ್ರಾಣಿಯ ಕೂದಲಿರುವ ಚರ್ಮದ ತುಂಡಿಗೆ ಮೂಳೆ ಅಥವಾ ಉಗುರಿನ ಚೂರು ಅಂಟಿಸಿ ಮಾಡುತ್ತಾರೆ. ಆ ಚರ್ಮ ಯಾವುದರದ್ದು ಅನ್ನುವುದರ ಮೇಲೆ ಕಲಂ ನಿಂತಿರುತ್ತದೆ. ಅದನ್ನೂ ಜತೆಗೇ ಜಪ್ತಿ ಮಾಡಿಸಿ.

ಸಾಂಡಾ ಅಂದರೆ ಮುಳ್ಳುಬಾಲದ ಹಲ್ಲಿ. ರಾಜಸ್ಥಾನದ ಥಾರ್, ಕಚ್ಛ್, ಪಾಕಿಸ್ತಾನದ ಒಣಭೂಮಿಯಲ್ಲಿ ಬಿಲ ತೋಡಿಕೊಂಡು ಸೊಪ್ಪು ತಿಂದು ಬದುಕುವ ಸಾಧು ಪ್ರಾಣಿ. ಅದರ ಬಾಲದ ಬುಡದ ಕೊಬ್ಬನ್ನು ಕರಗಿಸಿದರೆ ‘ಎಣ್ಣೆ’. ಓಡಿಹೋಗದಂತೆ ಬೆನ್ನುಮೂಳೆ ಮುರಿದು ಜೀವಂತವಾಗಿ ಬಟ್ಟೆಯ ಮೇಲೆ ಇಟ್ಟುಕೊಳ್ಳುವ ರೂಢಿ ಉತ್ತರದ ಊರುಗಳಲ್ಲಿದೆ. ಆ ಕೊಬ್ಬಿನಲ್ಲಿ ಬೇರೆ ಪ್ರಾಣಿಯ ಕೊಬ್ಬಿನಲ್ಲಿರುವುದಕ್ಕಿಂತ ವಿಶೇಷವಾದದ್ದು ಏನೂ ಇಲ್ಲ. ಚಿತ್ರ ಅಂಟಿಸಿದ ಬರಿ ಸೀಸೆ ಇದ್ದರೆ ಒಳಗೆ ಅಡುಗೆ ಎಣ್ಣೆಯೇ ಇರಬಹುದು. ಜೀವಂತ ಅಥವಾ ಒಣಗಿದ ಹಲ್ಲಿ ಕಂಡರೆ ಮಾತ್ರ ಕಾಯಬೇಡಿ.

ಅರಣ್ಯ ಸಹಾಯವಾಣಿ 1926. ಇಲ್ಲದಿದ್ದರೆ ವಲಯ ಅರಣ್ಯಾಧಿಕಾರಿ, ಅಥವಾ ಸಿಐಡಿ ಅರಣ್ಯ ಘಟಕ. ಕೊಡಬೇಕಾದದ್ದು: ಸಾಮಾನಿನ ಹತ್ತಿರದ ಫೋಟೋ, ಗಾಡಿ ನಿಲ್ಲುವ ಜಾಗ ಮತ್ತು ಹೊತ್ತು, ಸರಕು ಎಲ್ಲಿಂದ ತೆಗೆಯುತ್ತಾರೆ ಅನ್ನುವುದು. ಈ ಮೂರನೆಯದೇ ಮುಖ್ಯ. ಗಾಡಿಯ ಮೇಲೆ ಒಂದೆರಡು ತುಂಡು ಮಾತ್ರ ಇರುತ್ತವೆ, ಉಳಿದದ್ದು ಸ್ವಲ್ಪ ದೂರದಲ್ಲಿ ನಿಂತ ಜತೆಗಾರನ ಚೀಲದಲ್ಲಿ. ದಾಳಿಗೆ ಬಂದವರು ಗಾಡಿಯನ್ನಷ್ಟೇ ಜಾಲಾಡಿ ಬರಿಗೈಲಿ ಹೋಗುವುದು ಇದಕ್ಕೇ. ‘ಪುರಾವೆಗೆ’ ಅಂತ ನೀವೇ ಒಂದು ಕೊಂಡು ಇಟ್ಟುಕೊಳ್ಳಬೇಡಿ, ಇಟ್ಟುಕೊಳ್ಳುವುದೇ ಅಪರಾಧ. ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದರೆ ಸಂಜೆಯೊಳಗೆ ಭರಣಿ ಖಾಲಿ.

ಮಾತ್ರೆಪಟ್ಟಿ

ಔಷಧದ ಭಾಗ ಹೇಳುತ್ತೇನೆ. ಇಲ್ಲಿ ಜೀವದ ಪ್ರಶ್ನೆ ಇದೆ.

ಬಿಡಿ ಮಾತ್ರೆ ಹೆಚ್ಚಾಗಿ ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಅಥವಾ ಟಡಲಾಫಿಲ್. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಮಾತ್ರೆಗಳು. ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ 1940ರ ಕಲಂ 18(ಸಿ) ಪ್ರಕಾರ ಲೈಸೆನ್ಸಿಲ್ಲದೆ ಔಷಧ ಮಾರುವಂತಿಲ್ಲ. ಶಿಕ್ಷೆ ಕಲಂ 27(ಬಿ)(ii): 3ರಿಂದ 5 ವರ್ಷ, ಜತೆಗೆ ಕನಿಷ್ಠ 1 ಲಕ್ಷ ರೂಪಾಯಿ ಅಥವಾ ಸರಕಿನ ಮೂರು ಪಟ್ಟು, ಯಾವುದು ಹೆಚ್ಚೋ ಅದು. ದೂರು ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರಿಗೆ.

ಅಪಾಯ ಏನು? ಎದೆನೋವಿಗೆ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ನುಂಗಿದರೆ ರಕ್ತದೊತ್ತಡ ದಿಢೀರನೆ ಕುಸಿಯುತ್ತದೆ, ಸಾವೂ ಸಂಭವಿಸಬಹುದು. ಜಾತ್ರೆಗೆ ಬರುವ ಅರವತ್ತರ ಆಸುಪಾಸಿನ ಗಂಡಸರಲ್ಲಿ ನಾಲಿಗೆ ಕೆಳಗೆ ಇಡುವ ಮಾತ್ರೆ ಜೇಬಲ್ಲಿಟ್ಟುಕೊಂಡವರು ಕಡಿಮೆ ಏನಿಲ್ಲ. ಅಂಗಡಿಯಲ್ಲಾದರೆ ‘ಹೃದಯದ ಮಾತ್ರೆ ತಗೋತೀರಾ?’ ಅಂತ ಒಬ್ಬರು ಕೇಳುತ್ತಾರೆ, ಬೀದಿಯಲ್ಲಿ ಯಾರೂ ಕೇಳುವುದಿಲ್ಲ. ಇದನ್ನು ನುಂಗಿದವರಿಗೆ ಎದೆನೋವು ಬಂದರೆ ಆಸ್ಪತ್ರೆಯಲ್ಲಿ ಮುಚ್ಚಿಡದೆ ಹೇಳಬೇಕು. ಅಲ್ಲಿ ಕೊಡುವ ಮೊದಲ ಮದ್ದೇ ನೈಟ್ರೇಟ್ ಆಗಿರಬಹುದು. ನಿಮಿರುವಿಕೆ 4 ಗಂಟೆಗಿಂತ ಹೆಚ್ಚು ಇಳಿಯದಿದ್ದರೆ ಬೆಳಗಾಗಲಿ ಎಂದು ಕಾಯುವ ವಿಷಯವೇ ಅಲ್ಲ, ತುರ್ತು ಚಿಕಿತ್ಸೆ ಬೇಕು.

ಜೇನಿನ ಸ್ಯಾಶೆ ‘ನೈಸರ್ಗಿಕ’ ಅನ್ನುತ್ತಾರೆ. 2022ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಜೇನುಗಳಲ್ಲಿ ಇದೇ ಸಿಲ್ಡೆನಾಫಿಲ್, ಟಡಲಾಫಿಲ್ ಬೆರೆತಿರುವುದನ್ನು ಪತ್ತೆಮಾಡಿ ಕಂಪನಿಗಳಿಗೆ ಎಚ್ಚರಿಕೆ ಪತ್ರ ಕೊಟ್ಟಿತು. ಅರ್ಧ ಗಂಟೆಯಲ್ಲಿ ‘ಕೆಲಸ ಮಾಡುವ’ ಗಿಡಮೂಲಿಕೆ ಸಿಕ್ಕರೆ ಅದರಲ್ಲಿ ಮಾತ್ರೆ ಅರೆದು ಹಾಕಿದ್ದಾರೆಂದೇ ತಿಳಿಯಿರಿ.

ಬೇರು, ಪುಡಿ, ಎಣ್ಣೆಯವರ ವಿಷಯದಲ್ಲಿ ಒಂದು ಗೊಂದಲ ಸಾಮಾನ್ಯ. ಆಯುರ್ವೇದ ಔಷಧ ಮಾರಲು ಲೈಸೆನ್ಸ್ ಬೇಕಿಲ್ಲ, ತಯಾರಿಸಲು ಬೇಕು. ಸೀಸೆಯ ಮೇಲೆ ತಯಾರಿಕಾ ಲೈಸೆನ್ಸ್ ಸಂಖ್ಯೆ, ಬ್ಯಾಚ್, ತಯಾರಕರ ವಿಳಾಸ ಇಲ್ಲದಿದ್ದರೆ ಅದೇ 1940ರ ಕಾಯ್ದೆಯ ಕಲಂ 33ಇಇಸಿ ಅಡಿ ಮಾರಾಟವೂ ಅಪರಾಧ. ನೋಡಬೇಕಾದವರು ಆಯುಷ್ ಇಲಾಖೆಯವರು.

ಇವೆಲ್ಲಕ್ಕಿಂತ ಸುಲಭವಾಗಿ ಹಿಡಿಯಬಹುದಾದದ್ದು ಅವರ ಮೈಕು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಕಲಂ 3, ಲೈಂಗಿಕ ಸುಖದ ಸಾಮರ್ಥ್ಯ ಕಾಪಾಡುವ ಅಥವಾ ಹೆಚ್ಚಿಸುವ ಔಷಧದ ಜಾಹೀರಾತನ್ನೇ ನಿಷೇಧಿಸುತ್ತದೆ. ಕಲಂ 5 ತಾಯಿತ, ಮಂತ್ರ, ಕವಚಗಳಿಗೆ. ‘ಜಾಹೀರಾತು’ ಎಂಬುದರಲ್ಲಿ ಲೇಬಲ್, ಹೊದಿಕೆ, ಬಾಯಿಮಾತಿನ ಘೋಷಣೆ, ಬೆಳಕು, ಶಬ್ದ, ಹೊಗೆಯ ಮೂಲಕ ಮಾಡಿದ ಪ್ರಚಾರ ಎಲ್ಲವೂ ಸೇರುತ್ತದೆ. ಅಂದರೆ ಸೀಸೆಯಲ್ಲಿ ಏನಿದೆ ಎಂಬ ಪರೀಕ್ಷಾ ವರದಿ ಬರುವವರೆಗೆ ಕಾಯಬೇಕಾಗಿಲ್ಲ. ಮೈಕಿನ ರೆಕಾರ್ಡನ್ನು ಮೊಬೈಲಿನಲ್ಲಿ ಎರಡು ನಿಮಿಷ ಚಿತ್ರೀಕರಿಸಿ, ಸೀಸೆಯ ಲೇಬಲ್ಲೂ ಅದೇ ದೃಶ್ಯದಲ್ಲಿ ಬರಲಿ. ಇದು ಪೊಲೀಸರು ನೇರವಾಗಿ ದಾಖಲಿಸಿಕೊಳ್ಳಬಹುದಾದ ಅಪರಾಧ. ಬೀಟ್ ಪೊಲೀಸರ ‘ಯಾವ ಕಲಂ?’ ಪ್ರಶ್ನೆಗೆ ಈ ಮಟ್ಟಿಗೆ ಉತ್ತರ ಇಲ್ಲಿದೆ. ಮೈಕಿಗೆ ಲಿಖಿತ ಅನುಮತಿ ಬೇರೆ ಬೇಕು.

ಮಸಾಜರ್ ಟ್ರೇ ಬಗ್ಗೆ ನೈತಿಕತೆ ಪಕ್ಕಕ್ಕಿಡಿ, ಸುರಕ್ಷತೆ ನೋಡಿ. ಅಗ್ಗದ ಮೆತ್ತನೆ ಸಾಮಾನು ಪಿವಿಸಿ ಅಥವಾ ಟಿಪಿಇ, ತೆರೆದ ಕೂಡಲೇ ಪ್ಲಾಸ್ಟಿಕ್ ವಾಸನೆ ಹೊಡೆಯುತ್ತದೆ. ಟಿಪಿಇಯಲ್ಲಿ ಸಣ್ಣ ರಂಧ್ರಗಳಿರುವುದರಿಂದ ತೊಳೆದರೂ ಪೂರ್ತಿ ಶುಚಿಯಾಗದು, ಕುದಿಸಿದರೆ ಕರಗುತ್ತದೆ. ಮೋಟರ್ ಇಲ್ಲದ ಸಿಲಿಕೋನ್ ಆದರೆ ಕುದಿಸಬಹುದು. ರಬ್ಬರ್ ರಿಂಗ್ 20ರಿಂದ 30 ನಿಮಿಷಕ್ಕಿಂತ ಹೆಚ್ಚು ಇರಬಾರದು; ಸಿಕ್ಕಿಹಾಕಿಕೊಂಡು ಊದಿಕೊಂಡರೆ ಎಣ್ಣೆ ಹಚ್ಚಿ ಎಳೆಯುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಚಿಕ್ಕ ಮಸಾಜರ್‌ಗಳಲ್ಲಿ ಬಟನ್ ಸೆಲ್ ಇರುತ್ತದೆ, ಮುಚ್ಚಳಕ್ಕೆ ಸ್ಕ್ರೂ ಕೂಡ ಇರುವುದಿಲ್ಲ. ಮಗು ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಡಬಲ್ಲದು. ಪಕ್ಕದಲ್ಲಿ ಆಟಿಕೆ ಗಾಡಿ ಇದೆ ಅಂದಿರಿ, ಅಲ್ಲವೇ? ಡಿಲೇ ಸ್ಪ್ರೇಯಲ್ಲಿ ಇರುವುದು ಹೆಚ್ಚಾಗಿ ಲಿಡೊಕೇನ್, ಮರಗಟ್ಟಿಸುವ ಔಷಧ. ಹೆಚ್ಚಾದರೆ ಸಂಗಾತಿಗೂ ಮರಗಟ್ಟುತ್ತದೆ. ಒತ್ತಡದ ಡಬ್ಬಿಯಾದರೆ ಕರ್ಪೂರ, ತುಪ್ಪದ ದೀಪ ಹಚ್ಚುವ ಕಡೆ ಬೆಂಕಿಯ ಭಯವೂ ಉಂಟು.

ಕಾಂಡೋಮ್ ಅನ್ನು ಈ ಪಟ್ಟಿಗೆ ಸೇರಿಸಬೇಡಿ. ಅದು ಬೀಡಾ ಅಂಗಡಿಯಲ್ಲೂ ಸಿಗಬೇಕಾದ ವಸ್ತು. ಬಿಸಿಲಿಗೆ ಒಡ್ಡಿದ್ದು, ಅವಧಿ ಮೀರಿದ್ದು ಬೇಡ ಅಷ್ಟೆ. ಆ ಸಾಂಡಾ ಎಣ್ಣೆ, ಕೊಬ್ಬರಿ ಎಣ್ಣೆ, ಯಾವ ಎಣ್ಣೆ ತಗುಲಿದರೂ ಲೇಟೆಕ್ಸ್ ಕೆಲವೇ ನಿಮಿಷಗಳಲ್ಲಿ ಸಡಿಲಗೊಂಡು ಹರಿಯುತ್ತದೆ.

ತಳ್ಳುಗಾಡಿ

ನೋಡ್ರಿ, ಮ್ಯಾಲಿನವ್ರು ಹೇಳಿದ್ದೆಲ್ಲಾ ಸರಿ ಐತಿ. ಆದ್ರ ‘ಇಡೀ ಬೀದಿ ನಿಷೇಧಿತ ವಲಯ ಮಾಡ್ರಿ’ ಅಂತ ಬರದ್ರಂದ್ರ ಮೊದಲ ಹೋಗಾಕಿ ಹೂವಿನ ಹೆಣ್ಮಗಳು. ಚೀಲದಾಗ ಮಾತ್ರೆ ಹಿಡದಾವಗ ವಲಯಾನೂ ಇಲ್ಲ, ಗಾಡಿನೂ ಇಲ್ಲ.

ಬೀದಿ ವ್ಯಾಪಾರಿಗಳ ಕಾಯ್ದೆ 2014ರ ಒಂದನೇ ಅನುಸೂಚಿಯೊಳಗ ಬರದಾರ: ಸಮೀಕ್ಷೆಯೊಳಗ ಗುರುತಾದ ಸಹಜ ಮಾರುಕಟ್ಟೆನ, ಮೊದಲಿಂದ ಇದ್ದ ಸಂತಿನ ನಿಷೇಧಿತ ವಲಯ ಅಂತ ಘೋಷಿಸೂ ಹಂಗಿಲ್ಲ. ರಥಬೀದಿಯ ಹೂವು-ಕಾಯಿ ವ್ಯಾಪಾರ ಸಹಜ ಮಾರುಕಟ್ಟೆ ಅಲ್ಲದಿದ್ರ ಇನ್ಯಾವುದ್ರಿ? ಠರಾವು ಪಾಸಾದ್ರೂ ಹೈಕೋರ್ಟಿನಾಗ ನಿಲ್ಲಾಂಗಿಲ್ಲ. ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡೂತನಕ ಯಾರನ್ನೂ ಎಬ್ಬಿಸಬಾರದು ಅಂತ ಕಲಂ 3(3) ಹೇಳತೈತಿ. ಎಬ್ಬಿಸಬೇಕಾದ್ರ ಕಲಂ 18ರ ಪ್ರಕಾರ 30 ದಿನದ ನೋಟಿಸ್ ಬೇಕು. ಸಾಮಾನು ಜಪ್ತಿ ಮಾಡಿದ್ರ ಕಲಂ 19, ಪಟ್ಟಿ ಮಾಡಿ ಸಹಿ ಹಾಕಿ ಒಂದು ಪ್ರತಿ ವ್ಯಾಪಾರಿ ಕೈಯಾಗ ಕೊಡಬೇಕು. ಹೂವು, ಹಣ್ಣು ಅದ ದಿನ ವಾಪಸ್, ಉಳಿದದ್ದು ಕೇಳಿದ ಎರಡು ಕೆಲಸದ ದಿನದಾಗ. ಪೊಲೀಸರು ಎಲ್ಲಾರನ್ನೂ ಒಮ್ಮೆಲೆ ಎಬ್ಬಿಸಿದ್ರಲ್ಲ, ಒಬ್ಬರ ಕೈಯಾಗರ ಆ ಪಟ್ಟಿ ಐತೇನು ಕೇಳ್ರಿ.

ಪಟ್ಟಣ ವ್ಯಾಪಾರ ಸಮಿತಿಗೆ ಪೌರಾಯುಕ್ತರ ಅಧ್ಯಕ್ಷರು. ಶೇ 40ಕ್ಕಿಂತ ಕಡಿಮಿ ಇರದಂಗ ವ್ಯಾಪಾರಿಗಳ ಪ್ರತಿನಿಧಿಗಳು, ಅದರಾಗ ಮೂರನೇ ಒಂದು ಭಾಗ ಹೆಣ್ಮಕ್ಕಳು. ಪೊಲೀಸು, ಟ್ರಾಫಿಕ್ಕು, ನಗರಸಭೆ ವೈದ್ಯಾಧಿಕಾರಿ ಎಲ್ಲಾರೂ ಅದ ಮೇಜಿಗೆ ಕೂಡ್ತಾರ. ನಿಮಗ ಬೇಕಾದವ್ರು ಅಲ್ಲೇ ಅದಾರಂದ್ರ ಬ್ಯಾರೆ ಕಚೇರಿ ಯಾಕ ಅಲಿತೀರಿ? ಠರಾವು ಮನಿಷಾನ ಮ್ಯಾಲೆ ಬರೀಬ್ಯಾಡ್ರಿ, ಸಾಮಾನಿನ ಮ್ಯಾಲೆ ಬರೀರಿ. ‘ಪ್ರಮಾಣಪತ್ರದಲ್ಲಿ ನಮೂದಿಸಿದ ಸರಕು ಬಿಟ್ಟು ಔಷಧ, ವನ್ಯಜೀವಿ ವಸ್ತು, ಲೇಬಲ್ ಇಲ್ಲದ ಪೊಟ್ಟಣ ಮಾರಿದರೆ ಸಂಬಂಧಿಸಿದ ಇಲಾಖೆಗೆ ವರದಿ, ಎರಡನೇ ಸಲಕ್ಕೆ ಕಲಂ 10ರ ಅಡಿ ಅಹವಾಲು ಕೇಳಿ ಪ್ರಮಾಣಪತ್ರ ರದ್ದು.’ ಇಷ್ಟು ಸಾಕು. ಮಸಾಜರ್ ಇಟ್ಟ ಹುಡುಗ ನಾಳೆ ಬರೇ ಮೊಬೈಲ್ ಕವರ್ ಮಾರಿದ್ರ ಅವಂಗ ನಿಲ್ಲೂ ಹಕ್ಕು ಐತಿ, ಅದನ್ನ ಕಸಗೋಬ್ಯಾಡ್ರಿ.

ಇನ್ನೊಂದು. ಊರೂರು ತಿರಗಿ ಬೇರು ಮಾರೋ ಜನಾನ ಒಂದು ಜಾತಿ ಹೆಸರು ಹಿಡದು ‘ಅವ್ರೆಲ್ಲಾ ಹಂಗ’ ಅಂತ ಅರ್ಜಿಯೊಳಗ ಬರದೀರಿ ಅಂದ್ರ ನಿಮ್ಮ ಮ್ಯಾಲೆ ಕೇಸ್ ಬೀಳಬಹುದು.

ಪೂರ್ವಬೀದಿ

ಎಲ್ಲರಿಗೂ ಧನ್ಯವಾದ. ನಿಷೇಧಿತ ವಲಯದ ಪ್ರಸ್ತಾಪ ಕೈಬಿಡುವಂತೆ ಸಂಘದಲ್ಲಿ ಹೇಳುತ್ತೇನೆ. ಒಂದೇ ಸಂದೇಹ ಉಳಿದಿದೆ. ಜಾತ್ರೆಯ ಹತ್ತು ದಿನ ಬೀದಿಯ ಒಂದು ಬದಿಯ ಮಳಿಗೆಗಳನ್ನು ದೇವಸ್ಥಾನವೇ ಹರಾಜು ಹಾಕುತ್ತದೆ. ಆಗ ಯಾರ ಮಾತು ನಡೆಯುತ್ತದೆ? ಅನ್ಯಧರ್ಮೀಯರಿಗೆ ಕೊಡಬಾರದು ಅನ್ನುವ ಬೇಡಿಕೆಯೂ ಇದೇ ನೆಪದಲ್ಲಿ ಬರುತ್ತಿದೆ.

ಮಹಜರು

ಮೊದಲು ಜಾಗ ಯಾರದ್ದೆಂದು ನಗರಸಭೆಯ ಆಸ್ತಿ ವಹಿಯಲ್ಲಿ ನೋಡಿ. ಸಾರ್ವಜನಿಕ ರಸ್ತೆಯಾದರೆ ಹರಾಜು ಹಾಕುವ ಅಧಿಕಾರ ದೇವಸ್ಥಾನಕ್ಕೆ ಎಲ್ಲಿಂದ ಬಂತು ಅನ್ನುವುದೇ ಪ್ರಶ್ನೆ. ದೇವಸ್ಥಾನದ ಸ್ವಂತ ಜಾಗವಾದರೆ ವ್ಯವಸ್ಥಾಪನಾ ಸಮಿತಿ ಮತ್ತು ಮುಜರಾಯಿಯ ಕಾರ್ಯನಿರ್ವಾಹಕ ಅಧಿಕಾರಿ ಷರತ್ತು ಹಾಕಬಹುದು.

ಧರ್ಮದ ಬೇಡಿಕೆಗೆ ಎಲ್ಲರೂ ತೋರಿಸುವುದು 2002ರ ಧಾರ್ಮಿಕ ಸಂಸ್ಥೆಗಳ ನಿಯಮ 31(12), 2022ರಲ್ಲಿ ಕರಾವಳಿಯಿಂದ ಶುರುವಾಗಿ ಸುದ್ದಿಯಾದದ್ದು. ಅದು ಸಂಸ್ಥೆಯ ಹತ್ತಿರದ ಜಮೀನು, ಕಟ್ಟಡ, ನಿವೇಶನವನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆಗೆ ಕೊಡಬಾರದು ಅನ್ನುವ ಬಗ್ಗೆ. ಏನು ಮಾರುತ್ತಾರೆ ಎಂಬುದರ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇಲ್ಲ. ಹಾಥಾ ಜೋಡಿ ಮಾರುವವನು ಹಣೆಗೆ ಉದ್ದ ನಾಮ ಹಾಕಿಕೊಂಡೇ ಕೂತಿರುತ್ತಾನೆ. ಎರಡನ್ನೂ ಗಂಟು ಹಾಕಿದರೆ ನಿಮ್ಮ ಅಸಲು ದೂರು ಅದರಲ್ಲಿ ಮುಳುಗಿಹೋಗುತ್ತದೆ.

ಯಾವ ಇಲಾಖೆ ದಾಳಿ ಮಾಡಿದರೂ ಒಂದು ಮಾತು ಕೇಳಿ: ಶೋಧ ಮತ್ತು ಜಪ್ತಿಯ ವಿಡಿಯೊ ಮಾಡುತ್ತಿದ್ದೀರಾ? ಪೊಲೀಸರಿಗೆ ಅದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರಲ್ಲಿ ಕಡ್ಡಾಯ. ಮಹಜರಿಗೆ ಪಂಚರಾಗಿ ಸಂಘದವರೇ ಸಹಿ ಹಾಕಿದರೆ ‘ಎದುರಾಳಿ ವ್ಯಾಪಾರಿಗಳು’ ಎಂದು ವಕೀಲರು ಹರಿದು ಹಾಕುತ್ತಾರೆ. ಬ್ಯಾಂಕಿನವರು, ಅಂಚೆ ಕಚೇರಿಯವರು, ಹೀಗೆ ವ್ಯಾಪಾರಕ್ಕೆ ಸಂಬಂಧವಿಲ್ಲದವರು ಸಿಗುತ್ತಾರಾ ನೋಡಿ.

ತಳ್ಳುಗಾಡಿ

ಜಾತ್ರಿ ಹರಾಜಿನಾಗ ತಪ್ಪೂದು ಒಂದ ಕಡೆ. ಹರಾಜು ಹಿಡದಾವ ಒಬ್ಬ, ಅಡಿ ಲೆಕ್ಕದಾಗ ಒಳಬಾಡಿಗೆ ಕೊಡೂದು ಇಪ್ಪತ್ತು ಮಂದಿಗೆ. ದಾಳಿ ಆದಾಗ ‘ನಂಗ ಗೊತ್ತಿಲ್ಲ’ ಅಂತಾನ. ಅದಕ್ಕ ಹರಾಜಿನ ಷರತ್ತಿನೊಳಗ ಬರೆಸ್ರಿ: ಪ್ರತಿ ಮಳಿಗಿಗೂ ಚೀಟಿ, ಅದರಾಗ ಕೂಡೂವನ ಹೆಸರು, ಫೋನು, ಏನು ಮಾರ್ತಾನ ಅನ್ನೂದು, ಒಂದು ಪ್ರತಿ ದೇವಸ್ಥಾನದ ಕಚೇರಿಗೆ. ಚೀಟಿಯೊಳಗ ಇಲ್ಲದ ಸಾಮಾನು ಸಿಕ್ಕರ ಹರಾಜುದಾರನ ಠೇವಣಿ ಜಪ್ತಿ. ಠೇವಣಿ ಹೋಗೂ ಭಯ ಇದ್ರ ಅವನ ದಿನಾ ಸಂಜಿಕ ಒಂದು ಸುತ್ತು ಹೊಡದು ನೋಡ್ತಾನ.